ಎಪ್ಪತ್ತು ತಾಸಿನ ಲೆಕ್ಕ ಮಹಾಲಿಂಗಪುರಕ್ಕೆ ಹೊಸದಲ್ಲ

2023ರ ಅಕ್ಟೋಬರ್ ಕೊನೆ. ಇನ್ಫೊಸಿಸ್ ಸಹ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು ಈ ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದ ಸುದ್ದಿ ಎಲ್ಲ ಚಾನೆಲ್‌ಗಳಲ್ಲೂ ಓಡ್ತಿತ್ತು. ನಾನೂ ಬಿಡಲಿಲ್ಲ. ರಾತ್ರಿ ಒಂಬತ್ತರ ಚರ್ಚೆಗೆ ಐದು ಜನರನ್ನು ಕೂರಿಸಿಕೊಂಡೆ. ಸಾಫ್ಟ್‌ವೇರ್ ಕಂಪನಿಯವರೊಬ್ಬರು, ಮನೋವೈದ್ಯರೊಬ್ಬರು, ಕಾರ್ಮಿಕ ಮುಖಂಡರೊಬ್ಬರು, ಮಿಕ್ಕ ಇಬ್ಬರು ಪಕ್ಷಗಳ ವಕ್ತಾರರು. ಒಂದು ಗಂಟೆ ಕೂಗಾಡಿದೆವು. ದೇಶ ಕಟ್ಟುವುದು, ಜಪಾನ್, ಜರ್ಮನಿ, ಒತ್ತಡ, ಹೃದಯಾಘಾತ ಎಲ್ಲ ಬಂತು. ಚರ್ಚೆ ಚೆನ್ನಾಗಿತ್ತು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಕಚೇರಿಗೆ ಒಂದು ಫೋನ್ ಬಂತು. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಿಂದ. ವಯಸ್ಸಾದ ದನಿ.

"ಸರ, ನಿನ್ನಿ ರಾತ್ರಿ ನಿಮ್ಮ ಚರ್ಚೆ ನೋಡಿದ್ನಿ. ವಾರಕ್ಕ ಎಪ್ಪತ್ತು ತಾಸು ಮಾಡಬೇಕೋ ಬ್ಯಾಡೋ ಅಂತ ಕೇಳಾಕತ್ತಿದ್ರಿ. ದಿನಕ್ಕ ಹನ್ನೆರಡು ತಾಸು, ವಾರಕ್ಕ ಆರು ದಿನ. ಎಪ್ಪತ್ತೆರಡು ಆತು. ನಾ ಮೂವತ್ತು ವರ್ಷದಿಂದ ಮಾಡಾಕತ್ತೇನಿ. ಮತ್ತ ನನ್ನನ್ನ ಯಾಕ ಕರೀಲಿಲ್ರೀ?"

ಸಿಟ್ಟಿನಿಂದ ಕೇಳಿದ್ದರೆ ಏನಾದರೂ ಸಮಜಾಯಿಷಿ ಕೊಡ್ತಿದ್ದೆ. ಅವರು ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕ್ತಾ ಹೋದಾಗ ಸಿಕ್ಕ ಕಥೆಯನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಕೆಲವು ತಿಂಗಳ ನಂತರ ಆ ಕಡೆ ಹೋಗುವ ಕೆಲಸ ಬಿದ್ದಾಗ ಅವರ ಮನೆಗೇ ಹೋದೆ. ಮಹಾಲಿಂಗಪುರ ಅಂದ್ರೆ ಹೊರಗಿನವರಿಗೆ ಬೆಲ್ಲದ ಪೇಟೆ, ಮಹಾಲಿಂಗೇಶ್ವರನ ಜಾತ್ರೆ. ಆದರೆ ಊರೊಳಗಿನ ಓಣಿಗಳಲ್ಲಿ ನಡೆದರೆ ಮೊದಲು ಕಿವಿಗೆ ಬೀಳೋದು ಮಗ್ಗದ ಸದ್ದು. ಖಟ್ ಖಟ್ ಖಟ್. ಒಂದು ಮನೆ ದಾಟಿದರೆ ಇನ್ನೊಂದು. ನಮ್ಮ ಹಿರಿಯರ ಮನೆ ಹಿಂದೆ ತಗಡಿನ ಶೆಡ್ಡು. ಅದರಲ್ಲಿ ಆರು ಪವರ್‌ಲೂಮ್. ಶೆಡ್ಡು ಅವರದಲ್ಲ, ಮಾಲಕರದ್ದು. ಅವರು ನಾಲ್ಕು ಮಗ್ಗ ನೋಡಿಕೊಳ್ತಾರೆ, ಇನ್ನೊಬ್ಬ ಹುಡುಗ ಎರಡು. ಎಳೆ ಹರಿದರೆ ಗಂಟು ಹಾಕಬೇಕು. ಲಾಳಿಯಲ್ಲಿ ಕಂಡಿಕೆ ಮುಗಿದರೆ ಬದಲಿಸಬೇಕು. ಒಂದು ಮಗ್ಗದಿಂದ ಇನ್ನೊಂದಕ್ಕೆ ಓಡಾಟ. ಕೂರೋಕೆ ಜಾಗ ಇಲ್ಲ, ಕೂರೋಕೆ ಸಮಯವೂ ಇಲ್ಲ.

ನಾನು ಹತ್ತು ನಿಮಿಷ ನಿಂತೆ. ಮಾತು ಕೇಳ್ತಿರಲಿಲ್ಲ, ಬಾಯಿ ನೋಡಿ ಅರ್ಥ ಮಾಡ್ಕೋಬೇಕು. ನಮ್ಮ ಕಾರ್ಖಾನೆ ನಿಯಮಗಳ ಪ್ರಕಾರ ಎಂಟು ಗಂಟೆಯ ಕೆಲಸಕ್ಕೆ ಶಬ್ದದ ಮಿತಿ 90 ಡೆಸಿಬಲ್. ಲಾಳಿ ಹೊಡೆಯುವ ಹಳೇ ಮಗ್ಗಗಳ ಶೆಡ್ಡಿನಲ್ಲಿ ಅದು ದಾಟೋದು ಸಾಮಾನ್ಯ. ಇಲ್ಲಿ ಕೆಲಸ ಎಂಟು ಗಂಟೆಯದ್ದೂ ಅಲ್ಲ. ಹೊರಗೆ ಬಂದ ಮೇಲೆ ಹಿರಿಯರು ನಕ್ಕರು. "ನನಗ ಒಂದು ಕಿವಿ ಅಷ್ಟಕ್ಕಷ್ಟ ಐತ್ರಿ. ಅದಕ್ಕ ನಿಮ್ಮ ಟಿವಿ ಜೋರ ಇಡತೇನಿ."

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

ಈ ಸೀಮೆಯ ಭೂಪಟ ನೂರು ವರ್ಷದ ಹಿಂದೆ ವಿಚಿತ್ರವಾಗಿತ್ತು. ಮಹಾಲಿಂಗಪುರ ಮುಧೋಳದ ಘೋರ್ಪಡೆಯವರ ಸಂಸ್ಥಾನದಲ್ಲಿತ್ತು. ಪಕ್ಕದ ಬನಹಟ್ಟಿ ಜಮಖಂಡಿಯ ಪಟವರ್ಧನರದ್ದು. ಅದಕ್ಕೆ ಅಂಟಿಕೊಂಡಂತಿರುವ ರಬಕವಿ ಸಾಂಗ್ಲಿ ಸಂಸ್ಥಾನದ್ದು. ಆಳುವವರು ಮೂವರು, ಆದರೆ ನೇಕಾರಿಕೆ ಒಂದೇ. ಸೀರೆ, ಕಣ, ಧೋತರ. ಮನೆಯ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಕುಣಿ ಮಗ್ಗ. ಈ ಸಂಸ್ಥಾನಗಳು 1948ರ ಮಾರ್ಚ್‌ನಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿದವು, 1956ರಲ್ಲಿ ನಮ್ಮ ರಾಜ್ಯಕ್ಕೆ ಬಂದವು. ಹೊಸ ತಾಲ್ಲೂಕು ಆದ ಮೇಲೆ ಈಗ ಮಹಾಲಿಂಗಪುರವೂ ರಬಕವಿ-ಬನಹಟ್ಟಿಯ ಜೊತೆಗೇ ಇದೆ.

ಆ ಕುಣಿ ಮಗ್ಗದ ಕಾಲದಲ್ಲಿ ಕೆಲಸ ಕಡಿಮೆ ಇತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಳಗಾಗೋಕೆ ಮುಂಚೆ ಕೂತರೆ ಕತ್ತಲಾಗುವ ತನಕ ಕೆಲಸ. ಮನೆ ಮಂದಿಯೆಲ್ಲ ದುಡೀತಿದ್ದರು. ಹೆಣ್ಣುಮಕ್ಕಳು ಕಂಡಿಕೆ ಸುತ್ತಿ, ಹಾಸಿಗೆ ಗಂಜಿ ಹಾಕಿ, ಮೇಲೆ ಅಡುಗೆಯನ್ನೂ ಮಾಡಬೇಕು. ಅವರಿಗೆ ಕೂಲಿ ಅಂತ ಒಂದು ಲೆಕ್ಕವೇ ಇರಲಿಲ್ಲ. ಮಕ್ಕಳು ಶಾಲೆ ಬಿಟ್ಟು ಮಗ್ಗದ ಬುಡಕ್ಕೆ ಬರ್ತಿದ್ದರು. ನೂಲು ಕೊಡೋದು ಸಾವುಕಾರ, ಬಟ್ಟೆ ಕೊಳ್ಳೋದೂ ಸಾವುಕಾರ, ದರ ಹೇಳೋದೂ ಅವನೇ. ಮದುವೆಗೆ, ಕಾಯಿಲೆಗೆ ಅಂತ ತೆಗೆದುಕೊಂಡ ಮುಂಗಡ ತಲೆಮಾರಿನ ತನಕ ತೀರ್ತಿರಲಿಲ್ಲ. ಅದನ್ನ ಸ್ವರ್ಗ ಅಂತ ಕರೆಯೋಕೆ ನಾನು ತಯಾರಿಲ್ಲ.

ಆದರೂ ಅಲ್ಲಿ ಎರಡು ಸಂಗತಿ ಇದ್ದವು. ಹಿರಿಯರೇ ಅದನ್ನು ನನಗೆ ತೋರಿಸಿಕೊಟ್ಟಿದ್ದು.

ಒಂದು, ವೇಗ ನೇಕಾರನ ಕೈಯಲ್ಲಿತ್ತು. ಬೆನ್ನು ನೋವಾದರೆ ಎದ್ದು ಕಟ್ಟೆಗೆ ಬಂದು ಕೂರಬಹುದಿತ್ತು. "ಅಮಾಸಿಗೆ ನಮ್ಮಪ್ಪ ಮಗ್ಗ ಮುಟ್ಟತಿರಲಿಲ್ಲ ಸರ. ಜಾತ್ರಿಗೆ ಮೂರು ದಿನ ಬಿಡತಿದ್ದ. ಆಮ್ಯಾಲ ರಾತ್ರಿ ಕುಂತು ಮುಗಸತಿದ್ದ. ಅದು ಅವನ ಮರ್ಜಿ."

ಎರಡನೆಯದು, ಆ ಕೆಲಸದಲ್ಲಿ ಮೆಟ್ಟಿಲುಗಳಿದ್ದವು. ಹುಡುಗ ಮೊದಲು ಕಂಡಿಕೆ ಸುತ್ತಬೇಕು. ಆಮೇಲೆ ಹರಿದ ಎಳೆ ಹಚ್ಚೋದು. ಆಮೇಲೆ ಸಾದಾ ಬಟ್ಟೆ. ಆಮೇಲೆ ದಡಿ. ಕೊನೆಗೆ ಸೆರಗು. ಇಳಕಲ್ ಸೀರೆಯ ಸೆರಗಿನ ಟೋಪಿ ತೆನೆ ನೀವು ನೋಡಿರ್ತೀರಿ. ಹತ್ತಿಯ ಹಾಸಿಗೆ ರೇಷ್ಮೆಯ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ಆ ವಿದ್ಯೆ ಹದಿನೈದು ದಿನದಲ್ಲಿ ಬರೋದಿಲ್ಲ. ಅದು ಬಂದವನಿಗೆ ಓಣಿಯಲ್ಲಿ ಬೆಲೆ ಇತ್ತು. ಅವನ ಕೂಲಿಯೂ ಸಾದಾ ನೇಯುವವನಿಗಿಂತ ಹೆಚ್ಚಿರ್ತಿತ್ತು. ಈಗ ನಾವು ಕಾರ್ಪೊರೇಟ್ ಭಾಷೆಯಲ್ಲಿ 'ವೃತ್ತಿ ಬೆಳವಣಿಗೆ' ಅಂತೀವಲ್ಲ, ಅದೇ ಅದು.

ಇದೇ ಹೊತ್ತಿಗೆ ಹೊರಗೆ ಏನು ನಡೀತಿತ್ತು? 1850ರ ದಶಕದಲ್ಲಿ ಮುಂಬೈಯಲ್ಲಿ ಹತ್ತಿ ಗಿರಣಿಗಳು ಶುರುವಾದವು. 1880ರ ದಶಕದಲ್ಲಿ, ಮಹಾಲಿಂಗಪುರದಿಂದ ಬಹಳ ದೂರವಿಲ್ಲದ ಗೋಕಾಕ ಫಾಲ್ಸ್‌ನಲ್ಲಿ, ಘಟಪ್ರಭೆಯ ನೀರಿನ ಬಲದಿಂದಲೇ ನಡೆಯುವ ಗಿರಣಿ ಬಂತು. ಗಿರಣಿಯ ಜೊತೆಗೆ ಭೋಂಗಾ ಬಂತು, ಪಾಳಿ ಬಂತು. ದುಡಿಯುವವನ ಹೊತ್ತು ಮೊದಲ ಸಲ ಪೂರ್ತಿಯಾಗಿ ಇನ್ನೊಬ್ಬರ ಗಡಿಯಾರಕ್ಕೆ ಸೇರಿತು. ಅದರ ಜೊತೆಗೇ ಆ ಗಡಿಯಾರಕ್ಕೊಂದು ಮಿತಿ ಹಾಕಿ ಅನ್ನುವ ಕೂಗೂ ಎದ್ದಿತು.

ಆ ಕೂಗಿನ ಫಲ ನಿಧಾನಕ್ಕೆ ಬಂತು. ಮುಂಬೈಯಲ್ಲಿ ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರನ್ನು ಸೇರಿಸಿ ವಾರಕ್ಕೊಂದು ರಜೆ ಕೇಳಿದರು. ಸಿಕ್ಕಿದ್ದು 1890ರ ಜೂನ್‌ನಲ್ಲಿ. ನೀವು ನಾವು ಭಾನುವಾರ ಹಾಯಾಗಿ ಮಲಗ್ತೀವಲ್ಲ, ಅದಕ್ಕೂ ಆರು ವರ್ಷದ ಹೋರಾಟ ಇದೆ. 1911ರ ಕಾಯ್ದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. ವಾರಕ್ಕೆ ಆರು ದಿನ ಹಿಡಿದರೆ 72 ಗಂಟೆ. ನಮ್ಮ ಹಿರಿಯರು ಫೋನಿನಲ್ಲಿ ಹೇಳಿದ ಲೆಕ್ಕ ನೆನಪಿದೆಯಾ? ಅದೇ ಸಂಖ್ಯೆ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊದಲ ಒಪ್ಪಂದದಲ್ಲೇ ದಿನಕ್ಕೆ 8, ವಾರಕ್ಕೆ 48 ಗಂಟೆ ಅಂತ ಬರೆಯಿತು. ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ರಿಯಾಯಿತಿ, 60 ಗಂಟೆ. 1922ರಲ್ಲಿ ಅದು ನಮ್ಮ ಕಾಯ್ದೆಗೆ ಬಂತು. 1934ರಲ್ಲಿ 54 ಆಯ್ತು. ಡಾ. ಬಿ.ಆರ್. ಅಂಬೇಡ್ಕರ್ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ ಕುದುರಿದ ಮಾತು 1946ರ ತಿದ್ದುಪಡಿಯಾಗಿ 48 ಗಂಟೆಗೆ ಇಳಿಯಿತು. 1948ರ ಕಾರ್ಖಾನೆ ಕಾಯ್ದೆ ಅದನ್ನೇ ಗಟ್ಟಿ ಮಾಡಿತು. ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ, ಹೆಚ್ಚಿಗೆ ದುಡಿದರೆ ಎರಡು ಪಟ್ಟು ಕೂಲಿ.

72, 60, 54, 48. ಇಳಿಯೋಕೆ 35 ವರ್ಷ ಬೇಕಾಯ್ತು. ಇದನ್ನ ಗೊತ್ತಿಟ್ಟುಕೊಂಡು ಮತ್ತೆ 70ರ ಚರ್ಚೆ ಕೇಳಿ ನೋಡಿ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90ಕ್ಕೂ ಹೋದರು. ಆ 90 ಇದೆಯಲ್ಲ, ಅದು ಬ್ರಿಟಿಷರ 1911ರ ಮಿತಿಯನ್ನೂ ದಾಟಿದ್ದು.

ಸರಿ, ಕಾನೂನು ಇಷ್ಟೆಲ್ಲ ಬಂತು. ಹಾಗಾದರೆ ಮಹಾಲಿಂಗಪುರದ ಶೆಡ್ಡಿನಲ್ಲಿ ಇನ್ನೂ 72 ಯಾಕಿದೆ? ಈ ಪ್ರಶ್ನೆಗೆ ಉತ್ತರ ಇನ್ನೊಂದು ಸಾಲು ಅಂಕಿಯಲ್ಲಿದೆ.

1881ರ ಮೊದಲ ಕಾಯ್ದೆ ನೂರು ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಕಾರ್ಖಾನೆಗೆ ಮಾತ್ರ. 1891ರಲ್ಲಿ ಅದು 50 ಆಯ್ತು. 1922ರಲ್ಲಿ 20. 1948ರಲ್ಲಿ, ಯಂತ್ರಶಕ್ತಿ ಬಳಸುವ ಕಡೆ, 10. ಅಂದ್ರೆ ಕಾನೂನಿನ ಬಾಗಿಲು ವರ್ಷ ಕಳೆದಂತೆ ಅಗಲವಾಗ್ತಾ ಬಂತು. ಆದರೆ ಮಹಾಲಿಂಗಪುರ ಆ ಬಾಗಿಲಿನ ಹೊರಗೇ ಉಳಿಯಿತು. ಮೊದಲು, ಅದು ಸಂಸ್ಥಾನದ ಊರು. ಬ್ರಿಟಿಷ್ ಇಂಡಿಯಾದ ಕಾಯ್ದೆ ತಾನಾಗಿ ಇಲ್ಲಿಗೆ ಬರ್ತಿರಲಿಲ್ಲ. ಗೋಕಾಕ ಫಾಲ್ಸ್‌ನ ಗಿರಣಿಗೆ ಬಂದ ಮಿತಿ, ಇತ್ತ ಮುಧೋಳ ಸಂಸ್ಥಾನದ ಮಗ್ಗಕ್ಕೆ ಇಲ್ಲ. ಆಮೇಲೆ ಸಂಸ್ಥಾನ ಹೋಯ್ತು, ಆದರೆ ಶೆಡ್ಡು ಚಿಕ್ಕದಿತ್ತು. ನಾಲ್ಕು ಮಗ್ಗ, ಆರು ಮಗ್ಗ, ಎಂಟು ಮಗ್ಗ. ಕೆಲಸಗಾರರು ಇಬ್ಬರು, ಮೂವರು. ಹತ್ತಕ್ಕೆ ಏರೋದೇ ಇಲ್ಲ. ಚಿಕ್ಕ ಜಾಗಗಳಿಗೂ ಕಾಯ್ದೆ ಅನ್ವಯ ಅಂತ ಘೋಷಿಸುವ ಅಧಿಕಾರ 85ನೇ ಕಲಮಿನಲ್ಲಿ ರಾಜ್ಯ ಸರ್ಕಾರಕ್ಕೆ ಇತ್ತು. ಆದರೆ ಮಾಲೀಕ ತನ್ನ ಮನೆಯವರನ್ನೇ ಇಟ್ಟುಕೊಂಡು ದುಡಿಯುವ ಜಾಗ ಅದಕ್ಕೂ ಹೊರತು. ಮನೆಯೊಳಗಿನ ಮಗ್ಗವನ್ನು ಕಾನೂನು ಕಾರ್ಖಾನೆ ಅಂತ ನೋಡಲೇ ಇಲ್ಲ.

ಈಗ? 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 10ರಿಂದ ಮತ್ತೆ 20ಕ್ಕೆ ಏರಿಸಿದೆ. 1922ರಲ್ಲಿ ಎಲ್ಲಿದ್ದೆವೋ ಅಲ್ಲಿಗೆ. ಚಿಕ್ಕ ಉದ್ಯಮಕ್ಕೆ ಕಾಗದಪತ್ರದ ಹೊರೆ ತಗ್ಗಬೇಕು ಅನ್ನೋದು ಅದರ ಹಿಂದಿನ ವಾದ. ಆ ವಾದವನ್ನು ನಾನು ತಳ್ಳಿಹಾಕೋದಿಲ್ಲ. ಆರು ಮಗ್ಗದ ಮಾಲಕನೂ ಶ್ರೀಮಂತನಲ್ಲ. ನೂಲಿನ ದರ ಏರಿದರೆ ಅವನೂ ಸಾಲಕ್ಕೆ ಬೀಳ್ತಾನೆ. ಆದರೆ ಹೊರೆ ತಗ್ಗಿಸುವಾಗ ಶೆಡ್ಡಿನೊಳಗಿನ ಕಿವಿ ಯಾರ ಲೆಕ್ಕಕ್ಕೆ ಹೋಗುತ್ತೆ ಅನ್ನೋದನ್ನ ಯಾರೂ ಹೇಳಲಿಲ್ಲ.

ಕೈಮಗ್ಗದಿಂದ ಪವರ್‌ಲೂಮಿಗೆ ಬಂದದ್ದೂ ತಾನಾಗಿ ಆದದ್ದಲ್ಲ. 1954ರಲ್ಲಿ ವರದಿ ಕೊಟ್ಟ ಕಾನೂಂಗೋ ಸಮಿತಿ, ಕೈಮಗ್ಗಗಳನ್ನು ಹಂತ ಹಂತವಾಗಿ ಸುಧಾರಿತ ಮಗ್ಗ ಮತ್ತು ವಿದ್ಯುತ್ ಮಗ್ಗಗಳಾಗಿ ಬದಲಿಸಬೇಕು ಅಂದಿತು. ಇಪ್ಪತ್ತು ವರ್ಷದ ಮೇಲೆ, 1974ರಲ್ಲಿ, ಶಿವರಾಮನ್ ಸಮಿತಿ ಲೆಕ್ಕ ಹಾಕಿತು. ಒಂದು ಪವರ್‌ಲೂಮ್ ಬಂದರೆ ಆರು ಕೈಮಗ್ಗ ಕೆಲಸ ಕಳೆದುಕೊಳ್ತವೆ ಅಂತ. ಮರುವರ್ಷವೇ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿತು. ನೂಲು ಕೊಟ್ಟು ಬಟ್ಟೆ ತೆಗೆದುಕೊಂಡು ಮಜೂರಿ ಕೊಡುವ ವ್ಯವಸ್ಥೆ. ಜನತಾ ಸೀರೆ, ಆಮೇಲೆ ವಿದ್ಯಾವಿಕಾಸ ಯೋಜನೆಯ ಶಾಲಾ ಸಮವಸ್ತ್ರ. 1985ರಲ್ಲಿ ಕೇಂದ್ರ 22 ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಟ್ಟು ಕಾಯ್ದೆ ಮಾಡಿತು. ಕೋರ್ಟು ಮೆಟ್ಟಿಲು ಹತ್ತಿ, 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ ಓಣಿಗಳಲ್ಲಿ ಸದ್ದು ಬದಲಾಗಿತ್ತು. ಮೀಸಲು ಪಟ್ಟಿ ಕೂಡ ಆಮೇಲೆ 11ಕ್ಕೆ ಇಳಿಯಿತು.

ಯಂತ್ರ ಬಂದದ್ದೇ ತಪ್ಪು ಅನ್ನೋ ವಾದ ನನ್ನದಲ್ಲ. ನಮ್ಮ ಹಿರಿಯರೂ ಹಾಗೆ ಹೇಳಲಿಲ್ಲ. "ಕುಣ್ಯಾಗ ಕುಂತು ನಮ್ಮಪ್ಪಗ ಮೊಣಕಾಲ ಹೋದ್ವು. ಪವರ್‌ಲೂಮ್ ಬಂದಾಗ ನಾನ ಖುಷಿ ಪಟ್ಟೇನ್ರಿ. ಮೊದಲು ನಾಕು ವರ್ಷ ಭಾಳ ಛಲೋ ರೊಕ್ಕ ಬಂತು." ಆಮೇಲೆ? "ಆಮ್ಯಾಲ ಮಗ್ಗ ಹೇಳಿದಂಗ ನಾ ಕೇಳಾಕ ಹತ್ತಿದ್ನಿ."

ಈ ಒಂದು ಮಾತಿಗೆ ಪಶ್ಚಿಮದ ವಿದ್ವಾಂಸರು ಪುಸ್ತಕಗಳನ್ನೇ ಬರೆದಿದ್ದಾರೆ. 1979ರಲ್ಲಿ ರಾಬರ್ಟ್ ಕರಾಸೆಕ್ ಅನ್ನುವವರು ಅಮೆರಿಕ ಮತ್ತು ಸ್ವೀಡನ್ನಿನ ಕೆಲಸಗಾರರ ಮಾಹಿತಿ ಇಟ್ಟುಕೊಂಡು ಒಂದು ಸರಳ ಸಂಗತಿ ತೋರಿಸಿದರು. ಕೆಲಸದ ಒತ್ತಡವನ್ನು ಎರಡು ಕಡೆಯಿಂದ ಅಳೀಬೇಕು. ಕೆಲಸ ಎಷ್ಟು ಕೇಳುತ್ತೆ ಅನ್ನೋದು ಒಂದು. ಅದನ್ನು ಹೇಗೆ, ಯಾವಾಗ ಮಾಡಬೇಕು ಅಂತ ತೀರ್ಮಾನಿಸುವ ಹಕ್ಕು ದುಡಿಯುವವನಿಗೆ ಎಷ್ಟಿದೆ ಅನ್ನೋದು ಇನ್ನೊಂದು. ಕೆಲಸ ಹೆಚ್ಚು, ಹಿಡಿತವೂ ಹೆಚ್ಚು ಇದ್ದರೆ ಮನುಷ್ಯ ಕಲೀತಾನೆ, ಬೆಳೀತಾನೆ. ಕೆಲಸ ಹೆಚ್ಚು, ಹಿಡಿತ ಇಲ್ಲ ಅಂದ್ರೆ ಒಳಗೇ ಸವೀತಾನೆ.

ಲಂಡನ್ನಿನಲ್ಲಿ 1967ರಿಂದ ಸರ್ಕಾರಿ ನೌಕರರ ಮೇಲೆ ನಡೆದ ವೈಟ್‌ಹಾಲ್ ಅಧ್ಯಯನ ಇನ್ನೂ ಚುರುಕು. ಹೃದ್ರೋಗದಿಂದ ಹೆಚ್ಚು ಸಾಯ್ತಿದ್ದವರು ದೊಡ್ಡ ಸಾಹೇಬರು ಅಂತ ಎಲ್ಲರೂ ಅಂದುಕೊಂಡಿದ್ದರು. ಜವಾಬ್ದಾರಿ ಅವರದ್ದಲ್ವಾ? ಆದರೆ ಕೆಳಗಿನ ದರ್ಜೆಯವರಲ್ಲಿ, ಕಡತ ಹೊರುವ ಜವಾನರಂಥವರಲ್ಲಿ, ಆ ಸಾವು ಮೂರು ಪಟ್ಟಿಗೂ ಹೆಚ್ಚಿತ್ತು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಪೂರ್ತಿ ವಿವರಣೆ ಸಿಗಲಿಲ್ಲ. ಆಮೇಲಿನ ಅಧ್ಯಯನಗಳು ಬೆರಳು ಮಾಡಿದ್ದು ಕೆಲಸದ ಮೇಲಿನ ಹಿಡಿತದ ಕಡೆಗೇ. ಅಂದಮೇಲೆ ಗಂಟೆ ಮುಖ್ಯ ಅಲ್ಲವಾ? ಮುಖ್ಯವೇ. ವಾರಕ್ಕೆ 55 ಗಂಟೆ ದಾಟಿ ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ಮಹಾಲಿಂಗಪುರದ ಶೆಡ್ಡಿನಲ್ಲಿ ಎರಡೂ ಸೇರಿವೆ. ಗಂಟೆ ಹೆಚ್ಚು, ಹಿಡಿತ ಸೊನ್ನೆ.

ನಾನು ಇದನ್ನು ಪುಸ್ತಕ ಓದಿ ನಂಬಿದವನಲ್ಲ. ನನ್ನ ಮೈಮೇಲೆ ಆಗಿದೆ. ಈ ವೃತ್ತಿಯ ಆರಂಭದಲ್ಲಿ ನಾನೊಂದು ಕಡೆ ದಿನಕ್ಕೆ ಹದಿನಾಲ್ಕು ಗಂಟೆ ದುಡಿದಿದ್ದೀನಿ. ಕಾರ್ಯಕ್ರಮ ನನ್ನದು, ಸ್ಕ್ರಿಪ್ಟ್ ನನ್ನದು. ಸುಸ್ತಾಗ್ತಿತ್ತು, ಆದರೆ ನಿದ್ದೆ ಬರ್ತಿತ್ತು. ಆಮೇಲೆ ಇನ್ನೊಂದು ಕಡೆ ಎಂಟೇ ಗಂಟೆಯ ಕೆಲಸ, ಸಂಬಳವೂ ಹೆಚ್ಚು. ಯಾರೋ ಬರೆದದ್ದನ್ನು ಓದಬೇಕು. ಕಿವಿಯಲ್ಲಿನ ಯಂತ್ರದಿಂದ 'ಜೋರಾಗಿ ಕೇಳು, ಮಧ್ಯೆ ಬಾಯಿ ಹಾಕು, ಅವರನ್ನ ಬಿಡಬೇಡ' ಅಂತ ಆಜ್ಞೆ ಬರ್ತಾನೇ ಇರ್ತಿತ್ತು. ಎರಡು ವರ್ಷಕ್ಕೆ ಬಿ.ಪಿ. ಮಾತ್ರೆ ಶುರುವಾಯ್ತು. ಡಾಕ್ಟರ್ ಕೇಳಿದರು, "ಕೆಲಸ ಜಾಸ್ತೀನಾ?" ಇಲ್ಲ ಅಂದೆ. ಆಗ ನನಗೇ ಅರ್ಥ ಆಗಿರಲಿಲ್ಲ. "ಮಗ್ಗ ಹೇಳಿದಂಗ ನಾ ಕೇಳಾಕ ಹತ್ತಿದ್ನಿ" ಅಂದಾಗ ಅರ್ಥ ಆಯ್ತು.

ಆದರೆ ನನಗೆ ಬಿಟ್ಟು ಬರೋಕೆ ಇನ್ನೊಂದು ಕೆಲಸ ಇತ್ತು. ಅವರಿಗೆ? ಶೆಡ್ಡಿನಲ್ಲಿ ಕೂಲಿ ಗಂಟೆಯ ಲೆಕ್ಕ ಅಲ್ಲ, ನೇಯ್ದ ಬಟ್ಟೆಯ ಲೆಕ್ಕ. ಕರೆಂಟ್ ಹೋದರೆ ಆ ಹೊತ್ತು ದುಡಿಮೆ ಇಲ್ಲ, ಬಂದ ಮೇಲೆ ರಾತ್ರಿ ನಿಂತು ತುಂಬಿಸಬೇಕು. ಮೂವತ್ತು ವರ್ಷದ ಅನುಭವಸ್ಥನಿಗೂ, ಆರು ತಿಂಗಳ ಹಿಂದೆ ಬಂದ ಹುಡುಗನಿಗೂ ಒಂದೇ ದರ. ಕಲಿಯೋಕೆ ಇದ್ದದ್ದು ಮೊದಲ ಕೆಲವು ತಿಂಗಳಲ್ಲೇ ಮುಗೀತು. ಆಮೇಲೆ ಮೆಟ್ಟಿಲೇ ಇಲ್ಲ. ಮುಂಬಡ್ತಿ ಇಲ್ಲ, ಪಿ.ಎಫ್. ಇಲ್ಲ. ನಾನು ಮೂವತ್ತು ವರ್ಷ ಇಂಥ ಕಡೆ ದುಡಿದೆ ಅಂತ ತೋರಿಸೋಕೆ ಒಂದು ಚೀಟಿಯೂ ಇಲ್ಲ. ಬ್ಯಾಂಕಿನಲ್ಲಿ 'ಉದ್ಯೋಗ' ಅಂತ ಕೇಳಿದರೆ ಏನು ಬರೆಸಬೇಕು ಅಂತ ಅವರು ನನ್ನನ್ನೇ ಕೇಳಿದರು.

ಮನೆಯಾಕೆ ಅಷ್ಟು ಹೊತ್ತೂ ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದರು. ನೀವೂ ನೇಕಾರರಲ್ವೇನ್ರೀ ಅಮ್ಮಾ ಅಂದೆ. "ನಾವೆಲ್ಲಿ ನೇಕಾರರೋ ಯಪ್ಪಾ. ಇದು ಮನಿ ಕೆಲಸ" ಅಂದರು. ದೇಶದ ನಾಲ್ಕನೇ ಕೈಮಗ್ಗ ಗಣತಿ ನಡೆದದ್ದು 2019-20ರಲ್ಲಿ. ಅದರ ಪ್ರಕಾರ ಕೈಮಗ್ಗದ ದುಡಿಮೆಯಲ್ಲಿ ಇರುವವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಹೆಂಗಸರು. ಅದೇ ಗಣತಿಯ ಪ್ರಕಾರ ಸುಮಾರು ಮೂರನೇ ಎರಡರಷ್ಟು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ತಿಂಗಳಿಗೆ, ಇಡೀ ಕುಟುಂಬಕ್ಕೆ. ಮನೆಯಲ್ಲಿ ಕೂತು ದುಡಿಯುವವರಿಗಾಗಿಯೇ 1996ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಒಂದು ಬಂತು. ಭಾರತ ಅದಕ್ಕೆ ಇನ್ನೂ ಸಹಿ ಹಾಕಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ಈ ತಾಲ್ಲೂಕುಗಳನ್ನು ಮುಳುಗಿಸಿದವು. ಸುಧಾರಿಸಿಕೊಳ್ಳುವಷ್ಟರಲ್ಲಿ 2020ರ ಲಾಕ್‌ಡೌನ್. ಮಗ್ಗಗಳು ನಿಂತವು. ಮದುವೆ ಸೀಸನ್ ಹೋಯ್ತು. ನೇಕಾರರ ಆತ್ಮಹತ್ಯೆಯ ಸುದ್ದಿಗಳು ಈ ಭಾಗದಿಂದ ಬಂದವು. ಸರ್ಕಾರ ನೇಕಾರ ಸಮ್ಮಾನ್ ಹೆಸರಲ್ಲಿ ಕೈಮಗ್ಗದವರಿಗೆ 2,000 ರೂಪಾಯಿ ಘೋಷಿಸಿತು, ಆಮೇಲೆ ಅದು 5,000 ಆಯ್ತು. ಆ ಆತ್ಮಹತ್ಯೆಗಳನ್ನ ನಾವು ಇಪ್ಪತ್ತು ಸೆಕೆಂಡಿನ ಸುದ್ದಿ ಮಾಡಿದೆವು. 70 ಗಂಟೆಯ ಹೇಳಿಕೆಗೆ ಒಂದು ಗಂಟೆ ಕೊಟ್ಟೆವು. ಮಹಾಲಿಂಗಪುರದ ಹಿರಿಯರು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇತ್ತು. ಕಾನೂನು ಅವರನ್ನು ಕಾರ್ಮಿಕ ಅಂತ ಎಣಿಸಲಿಲ್ಲ. ನಾವೂ ಎಣಿಸಲಿಲ್ಲ.

ಇನ್ನೊಂದು ಮಾತು. ಹೆಚ್ಚು ದುಡಿಯಬೇಕು ಅನ್ನುವವರೆಲ್ಲ ಕೊನೆಗೆ ನಮ್ಮ ಕಾಯಕದ ಮಾತು ತರ್ತಾರೆ. ತರಲಿ. ಆದರೆ ಪೂರ್ತಿ ತರಲಿ. ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿದೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಒಪ್ಪಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ತಂದದ್ದು ಆಸೆ, ವಾಪಸ್ ಸುರಿದು ಬಾ ಅಂತ ಕಳಿಸಿದಳು. ಕಾಯಕಕ್ಕೆ ಮಿತಿ ಇತ್ತು. ಆ ಮಿತಿಯನ್ನು ಗೊತ್ತು ಮಾಡ್ತಿದ್ದದ್ದು ದುಡಿಯುವ ಮನೆ, ಸಾವುಕಾರ ಅಲ್ಲ. ನಮ್ಮ ಸಂವಿಧಾನದ 43ನೇ ವಿಧಿ ಕೂಡ ಕೂಲಿ ಅಂತ ಹೇಳಿ ನಿಲ್ಲೋದಿಲ್ಲ. ಬಿಡುವನ್ನು ಪೂರ್ತಿಯಾಗಿ ಅನುಭವಿಸುವ ಅವಕಾಶ ಕಾರ್ಮಿಕನಿಗೆ ಇರಬೇಕು ಅನ್ನುತ್ತೆ. ಕೃಷಿಯವನಿಗೂ, ಕೈಗಾರಿಕೆಯವನಿಗೂ, ಮಿಕ್ಕವರಿಗೂ. ಅಲ್ಲಿ ಹತ್ತು ಜನ, ಇಪ್ಪತ್ತು ಜನ ಅನ್ನೋ ಲೆಕ್ಕ ಇಲ್ಲ.

ಹಾಗಾದರೆ ಏನು ಮಾಡಬೇಕು? ಆಕಾಶದಿಂದ ಏನೂ ಇಳೀಬೇಕಾಗಿಲ್ಲ. ಈ ಭಾಗದ ನೇಕಾರರು ಬಹಳ ದಿನದಿಂದ ಕೇಳ್ತಿರೋದು ಒಂದೇ, ನಮ್ಮನ್ನೂ ಕಾರ್ಮಿಕರು ಅಂತ ಪರಿಗಣಿಸಿ ಅಂತ. ಕಟ್ಟಡ ಕಾರ್ಮಿಕನಿಗೆ ಸಿಕ್ಕ ಗುರುತಿನ ಚೀಟಿ, ಕಲ್ಯಾಣ ಮಂಡಳಿಯ ನೆರವು ಮಗ್ಗದವನಿಗೂ ಸಿಗಲಿ. ಕಂಡಿಕೆ ಸುತ್ತುವ ಹೆಣ್ಣುಮಗಳ ಹೆಸರೂ ಆ ಪಟ್ಟಿಯಲ್ಲಿ ಇರಲಿ. ಮೂವತ್ತು ವರ್ಷದ ಅನುಭವಕ್ಕೆ ಒಂದು ಪ್ರಮಾಣಪತ್ರ ಮತ್ತು ಅದಕ್ಕೆ ತಕ್ಕ ದರ ಇರಲಿ. ಕಿವಿಗೆ ಹಾಕುವ ರಕ್ಷಣೆ, ವರ್ಷಕ್ಕೊಮ್ಮೆ ಕಿವಿ-ಎದೆ ತಪಾಸಣೆಗೆ ಎಷ್ಟು ಖರ್ಚಾದೀತು? ಶೆಡ್ಡಿನ ಮಾಲಕನಿಗೆ ಆಗಲ್ಲ ಅಂದ್ರೆ ಸರ್ಕಾರ ಕೊಡಲಿ. ವಿದ್ಯುತ್ತಿಗೆ ರಿಯಾಯಿತಿ ಕೊಡುವಾಗ ಮಗ್ಗ ನೆನಪಾಗುತ್ತೆ. ಮಗ್ಗದ ಮುಂದೆ ನಿಂತವನೂ ನೆನಪಾಗಲಿ.

ಹೊರಡುವಾಗ ಅವರು ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಅಪ್ಪನ ಕುಣಿ ಮಗ್ಗ ಇದ್ದ ಜಾಗ. ಮಗ್ಗ ಬಿಚ್ಚಿ ಬಹಳ ವರ್ಷ ಆಗಿದೆ. ಕುಣಿಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಟಿವಿ ಇಟ್ಟಿದ್ದಾರೆ. "ಇಲ್ಲೇ ನಿಮ್ಮನ್ನ ನೋಡತೇವ್ರಿ" ಅಂದರು. ಅವರ ಮಗ ಪುಣೆಯಲ್ಲಿ ಸಾಮಾನು ತಲುಪಿಸುವ ಕಂಪನಿಯಲ್ಲಿ ಇದ್ದಾನೆ. ಮೊಬೈಲ್ ಹೇಳಿದ ಕಡೆ ಗಾಡಿ ಓಡಿಸ್ತಾನೆ. ಅವನ ಕೆಲಸ ಹೆಂಗೈತಿ ಅಂದೆ. "ನಂದು ಮಗ್ಗ, ಅವಂದು ಮೊಬೈಲ್. ಅದೂ ಎಷ್ಟು ಮಂದಿಗೆ ಒಯ್ದು ಕೊಟ್ಟಿ ಅನ್ನೂದರ ಮ್ಯಾಲ ರೊಕ್ಕ" ಅಂದರು.

2025ರಲ್ಲಿ 90 ಗಂಟೆಯ ಸುದ್ದಿ ಬಂದಾಗ ಮತ್ತೆ ಚರ್ಚೆ ಇಟ್ಟೆ. ಈ ಸಲ ಮೊದಲ ಫೋನ್ ಹೋದದ್ದು ಮಹಾಲಿಂಗಪುರಕ್ಕೆ. ಸ್ಟುಡಿಯೋಗೆ ಬನ್ನಿ, ಕಾರು ಕಳಿಸ್ತೀವಿ ಅಂದೆ. "ಬೀಮು ಮುಗೀಬೇಕ್ರಿ ಸರ, ಬಿಟ್ಟು ಬರಾಕ ಆಗೂದಿಲ್ಲ" ಅಂದರು. ಶೆಡ್ಡಿನ ಬಾಗಿಲಲ್ಲಿ ನಿಂತು ಫೋನಿನಲ್ಲೇ ಮಾತಾಡಿದರು. ಹಿಂದೆ ಮಗ್ಗದ ಸದ್ದು ಜೋರಾಗಿತ್ತು. ಸದ್ದು ಬಹಳ ಇದೆ, ಲೈನ್ ಕಟ್ ಮಾಡಲಾ ಅಂತ ನನ್ನ ಕಿವಿಯಲ್ಲಿ ಕೇಳಿದರು. ಬೇಡ, ಇರಲಿ ಅಂದೆ. ಆ ರಾತ್ರಿ ನಾಲ್ಕು ನಿಮಿಷ ನೀವು ಕೇಳಿದ್ದು ಆ ಸದ್ದೇ.